ಸಿಹಿನೀರಿನ ಕಬ್ಬಿಣದ ದೋಣಿಗೆ ಯಾವ ಬಣ್ಣ?

ನಮ್ಮ ನಾಲತವಾಡದ ದಕ್ಷಿಣಕ್ಕೆ ಕೃಷ್ಣಾ ನದಿಯ ಹಿನ್ನೀರು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದ ಮೇಲೆ ಹೊಳೆ ದಂಡೆಯ ಕೆಲವರ ಹೊಲ ಆಚೆ, ಮನೆ ಈಚೆ ಆಯಿತು. ಮೊದಲೆಲ್ಲ ಹರಗೋಲು. ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿ ಡಾಂಬರು ಬಳಿಯುತ್ತಿದ್ದರು, ಆಮೇಲೆ ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ ಬಂತು. ತೊಗರಿ ಚೀಲ, ಗೊಬ್ಬರದ ಚೀಲ, ಎರಡು ಆಡು ಒಟ್ಟಿಗೆ ಸಾಗಿಸಬೇಕೆಂದರೆ ಹರಗೋಲು ಸಾಲದು. ಹಾಗಾಗಿ ನಮ್ಮ ಬೀಗರು ಮತ್ತು ನಾವು ನಾಲ್ಕು ಮನೆಯವರು ಕೂಡಿ, ವೆಲ್ಡಿಂಗ್ ಅಂಗಡಿಯಲ್ಲಿ 16 ಅಡಿ ಉದ್ದ, 5 ಅಡಿ ಅಗಲದ ಕಬ್ಬಿಣದ ದೋಣಿ ಮಾಡಿಸಿದೆವು. ತಳದ ತಗಡು 3 ಮಿ.ಮೀ.

ನನ್ನದು ಒಣಬೇಸಾಯ, ಓದಿದ್ದು ಏಳನೆಯ ಇಯತ್ತೆ. ಬಣ್ಣದ ವಿಷಯ ನಾನು ಕಲಿತದ್ದು ತಮ್ಮನ ಮಗನಿಂದ. ಅವನು ಗೋವಾದಲ್ಲಿ ಹಡಗಿಗೆ ಬಣ್ಣ ಹೊಡೆಯುವ ಕೂಲಿಗೆ ಆರು ವರ್ಷ ಹೋಗಿದ್ದ. ದೋಣಿ ತಯಾರಾದಾಗ ಅಂಗಡಿಯವರು "ಇದು ಮರೈನ್ ಪೇಂಟ್, ಹಡಗಿಗೆ ಹಾಕ್ತಾರ" ಎಂದು ದುಬಾರಿ ಡಬ್ಬಿ ತೋರಿಸಿದರು. ಹುಡುಗ ನನ್ನನ್ನು ಬದಿಗೆ ಕರೆದು "ದೊಡ್ಡಪ್ಪ, ಹೆಸರು ಕೇಳಿ ತಗೋಬ್ಯಾಡ. ಇದು ಸದಾ ನೀರಾಗ ಮುಳುಗಿರೋದಕ್ಕ ನಡೀತದೇನು ಅಂತ ಕೇಳು" ಎಂದ. ಕೇಳಿದೆ. ಅಂಗಡಿಯವರು ಡಬ್ಬಿ ತಿರುಗಿಸಿ ನೋಡಿ, ಇದು ಹಡಗಿನ ಮೇಲಿನ ಭಾಗಕ್ಕೆ, ಗಾಳಿ ಬಿಸಿಲಿಗೆ ತಾಳುವ ಬಣ್ಣ ಎಂದರು. ಮರೈನ್ ಎಂಬ ಮಾತಿನ ಕೆಳಗೆ ಹತ್ತು ನಮೂನೆಯ ಬಣ್ಣ ಇರುತ್ತವೆ.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಗಾಳಿ ಎರಡೂ ಬೇಕು. ಉಪ್ಪು ಸೇರಿದರೆ ಬೇಗ. ನಮ್ಮ ಹಿನ್ನೀರು ಸಿಹಿನೀರು, ಸಮುದ್ರದಷ್ಟು ವೇಗ ಇಲ್ಲ. ಆದರೆ ನೀರಿನ ಮಟ್ಟದ ಗೆರೆ ಇರುವಲ್ಲಿ ದಿನಕ್ಕೆ ನೂರು ಸಲ ತೊಯ್ದು ಒಣಗುತ್ತದೆ, ಅಲ್ಲಿ ಮೊದಲು ತಿನ್ನುತ್ತದೆ. ಅದಕ್ಕಿಂತ ಕಳ್ಳಜಾಗ ಒಳಗಿನ ತಳ. ಹಲಗೆ ಕೆಳಗೆ ನೀರು ನಿಲ್ಲುತ್ತದೆ, ಒಡೆದ ಚೀಲದಿಂದ ಗೊಬ್ಬರ ಉದುರುತ್ತದೆ. ಪೊಟ್ಯಾಷ್ ಉಪ್ಪಿನ ಜಾತಿಯದೇ. ಯೂರಿಯಾ, ಡಿಎಪಿ ಸಹ ಕಬ್ಬಿಣಕ್ಕೆ ಒಳ್ಳೆಯವಲ್ಲ. ಮೇಲಿನ ದಂಡೆಯ ಊರಿನವರ ದೋಣಿಯೊಂದು ಹೊರಗಿನಿಂದ ಹೊಸದರಂತೆ ಮಿಂಚುತ್ತಿತ್ತು. ತೊಗರಿ ಹೇರಿಕೊಂಡು ಬರುವಾಗ ಹಲಗೆಯ ಕೆಳಗಿಂದ ನೀರು ಚಿಮ್ಮಿತು. ದಂಡೆ ಹತ್ತಿರವಿತ್ತು, ಜನ ಬದುಕಿದರು, ತೊಗರಿ ಹೋಯಿತು. ಆದ್ದರಿಂದ ಒಳಗೂ ಹೊರಗಿನಷ್ಟೇ ಬಣ್ಣ ಹಾಕಬೇಕು.

ಸಮುದ್ರದ ದೋಣಿಗಳಿಗೆ ಕೊನೆಯ ಪದರವಾಗಿ ತಾಮ್ರದ ವಿಷ ಬೆರೆಸಿದ ಬಣ್ಣ ಹಚ್ಚುತ್ತಾರೆ. ತಳಕ್ಕೆ ಸುಣ್ಣದ ಚಿಪ್ಪಿನ ಜೀವಿಗಳು ಅಂಟಬಾರದೆಂದು. ಮಲ್ಪೆ, ಮಂಗಳೂರು ಕಡೆಯ ಓದುಗರಿಗೆ ಇದು ಗೊತ್ತಿರುತ್ತದೆ. ಮೊದಲು ಇದರಲ್ಲಿ ತವರದ ಸಂಯುಕ್ತವನ್ನೂ ಹಾಕುತ್ತಿದ್ದರು. ಅದು ಸಮುದ್ರದ ಜೀವಗಳನ್ನೇ ಕೆಡಿಸುತ್ತದೆಂದು 2001ರಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಆಗಿ, 2008ರಿಂದ ನಿಷೇಧ ಜಾರಿಗೆ ಬಂತು. ನಮ್ಮ ಹಿನ್ನೀರಿನಲ್ಲಿ ಆ ಚಿಪ್ಪಿನ ಕಾಟವಿಲ್ಲ. ಪಾಚಿ ಹಿಡಿದರೆ ನಾರಿನ ಬ್ರಷ್ ಸಾಕು. ದನ, ಜನ ಕುಡಿಯುವ ನೀರಿಗೆ ದುಡ್ಡು ಕೊಟ್ಟು ವಿಷ ಬಿಡುವುದು ಯಾಕೆ? ಬಣ್ಣ ಕಿತ್ತು ಕಬ್ಬಿಣ ಬರಿದಾದಲ್ಲಿ ಈ ತಾಮ್ರ ತಾಗಿದರೆ ತುಕ್ಕು ಇನ್ನೂ ಜೋರಾಗುತ್ತದೆ.

ಗೇಟಿಗೆ, ಟ್ರೇಲರಿಗೆ ಹಚ್ಚುವ ರೆಡ್ ಆಕ್ಸೈಡ್ ಮತ್ತು ಎನಾಮೆಲ್ ಗಾಳಿಯಲ್ಲಿ ಚೆನ್ನಾಗಿಯೇ ಬಾಳುತ್ತವೆ. ಅವು ಎಣ್ಣೆ ಆಧಾರದವು. ಸದಾ ನೀರಿನಲ್ಲಿದ್ದರೆ ಮೆತ್ತಗಾಗಿ ಗುಳ್ಳೆ ಏಳುತ್ತವೆ. ಡಾಂಬರು ಜಾತಿಯ ಕಪ್ಪು ಬಣ್ಣ ಅಗ್ಗ, ಸಿಹಿನೀರಿನಲ್ಲಿ ತಳಕ್ಕೆ ನಡೆಯುತ್ತದೆ. ನಮ್ಮ ಬಿಸಿಲಿಗೆ ಮಾತ್ರ ಮೆತ್ತಗಾಗುತ್ತದೆ, ಅದರ ಮೇಲೆ ಬೇರೆ ಬಣ್ಣ ನಿಲ್ಲುವುದಿಲ್ಲ. ಒಮ್ಮೆ ಅದನ್ನು ಹಿಡಿದರೆ ಕೊನೆತನಕ ಅದೇ. ಕೋಲ್‌ಟಾರ್ ಎಪಾಕ್ಸಿ ನೀರೊಳಗೆ ಬಹಳ ಗಟ್ಟಿ, ಆದರೆ ಅದರ ಟಾರಿನಲ್ಲಿ ಕ್ಯಾನ್ಸರ್ ತರುವ ಅಂಶ ಇದೆ, ಮೈಗೆ ತಾಗಿ ಬಿಸಿಲು ಬಿದ್ದರೆ ಉರಿ. ಕುಡಿಯುವ ನೀರಿಗೆ ನಾನು ಅದನ್ನು ಒಪ್ಪುವುದಿಲ್ಲ.

ನಾವು ಆರಿಸಿದ್ದು ಟಾರ್ ಇಲ್ಲದ ಎಪಾಕ್ಸಿ, ಎರಡು ಡಬ್ಬಿಯದು. ಒಂದು ಡಬ್ಬಿ ಬಣ್ಣ, ಇನ್ನೊಂದು ಗಟ್ಟಿ ಮಾಡುವ ದ್ರವ. ಎಪಾಕ್ಸಿಯಲ್ಲೂ 'ಕೈಯಿಂದ ಉಜ್ಜಿದ ಕಬ್ಬಿಣಕ್ಕೂ ಹಿಡಿಯುತ್ತದೆ' ಎಂದಿರುವ ನಮೂನೆಯನ್ನೇ ಕೇಳಿ ತರಬೇಕು. ಸತುವು ತುಂಬಿದ ಪ್ರೈಮರ್ ಒಳ್ಳೆಯದೆಂದು ಹೇಳುತ್ತಾರೆ, ನಿಜ, ಆದರೆ ಮರಳು ಹೊಡೆದು ಬೆಳ್ಳಗೆ ಮಾಡಿದ ಕಬ್ಬಿಣಕ್ಕೆ ಮಾತ್ರ. ಎಪಾಕ್ಸಿಗೆ ಬಿಸಿಲು ಆಗದು, ಸುಣ್ಣದಂತೆ ಪುಡಿ ಬಿಡುತ್ತದೆ. ಅದಕ್ಕೆ ನೀರಿನ ಗೆರೆಯಿಂದ ಮೇಲೆ ಪಾಲಿಯುರೆಥೇನ್ ಪದರ ಹಾಕಿದೆವು, ಒಳಗೆ ತಿಳಿ ಬಣ್ಣ. ಕಡುಗಪ್ಪು ಇದ್ದರೆ ಏಪ್ರಿಲ್‌ನಲ್ಲಿ ಬರಿಗಾಲು ಇಡಲಾಗದು.

ಕೆರೆಯುವುದೇ ಮುಕ್ಕಾಲು ಕೆಲಸ

ಹೊಸ ತಗಡಿನ ಮೇಲೆ ನೀಲಿಗಪ್ಪು ಹೊಳೆಯುವ ಸಿಪ್ಪೆ ಇರುತ್ತದೆ. ಅದರ ಮೇಲೆ ಹಚ್ಚಿದ ಬಣ್ಣ ಸಿಪ್ಪೆ ಸಮೇತ ಎದ್ದು ಬರುತ್ತದೆ. ಮರಳು ಹೊಡೆಸುವ ಅನುಕೂಲ ಮುದ್ದೇಬಿಹಾಳದಲ್ಲಿ ನಮಗೆ ಸಿಗಲಿಲ್ಲ. ಗ್ರೈಂಡರ್, ತಂತಿ ಬ್ರಷ್ ಹಿಡಿದು ನಾಲ್ವರು ಮೂರು ದಿನ ಉಜ್ಜಿದೆವು. ಉಜ್ಜುವ ಮೊದಲೇ ಸಾಬೂನು ನೀರಿನಿಂದ ಎಣ್ಣೆ ಜಿಡ್ಡು ತೊಳೆಯಬೇಕು, ಇಲ್ಲದಿದ್ದರೆ ಬ್ರಷ್ಷೇ ಜಿಡ್ಡನ್ನು ಎಲ್ಲ ಕಡೆ ಹರಡುತ್ತದೆ. ವೆಲ್ಡಿಂಗ್ ಗುಂಡುಗಳನ್ನು ತೆಗೆದು, ಚೂಪು ಅಂಚುಗಳನ್ನು ದುಂಡಗೆ ಮಾಡಬೇಕು. ಅಂಚಿನಲ್ಲಿ ಬಣ್ಣ ತೆಳ್ಳಗಾಗಿ ಜಾರುತ್ತದೆ. ಬೆಸುಗೆ ಮತ್ತು ಅಂಚುಗಳಿಗೆ ಮೊದಲು ಕೈಬ್ರಷ್‌ನಿಂದ ಒಂದು ಸಾಲು ಎಳೆದು, ಆಮೇಲೆ ಇಡೀ ಮೈಗೆ ಹಚ್ಚಿದೆವು.

ಎಷ್ಟು ಬೇಕು? ಡಬ್ಬಿಯ ವಿವರದಲ್ಲಿ 'ಘನಾಂಶ' ಶೇಕಡಾ ಇಷ್ಟು ಎಂದಿರುತ್ತದೆ. ನಮ್ಮದು 60. ಒಂದು ಪದರ 100 ಮೈಕ್ರಾನ್, ಅಂದರೆ ಒಂದು ಮಿ.ಮೀ.ಯ ಹತ್ತನೆಯ ಒಂದು ಪಾಲು, ಒಣಗಿ ಉಳಿಯಬೇಕಾದರೆ ಲೀಟರಿಗೆ 6 ಚದರ ಮೀಟರ್, ಸುಮಾರು 64 ಚದರ ಅಡಿ. ಬ್ರಷ್, ಡಬ್ಬಿ, ಗಾಳಿಗೆ ಹೋದದ್ದು ಕಳೆದರೆ 43 ಅಡಿ ಹಿಡಿಯಿರಿ. ದೋಣಿಯ ಹೊರಮೈ ಸುಮಾರು 145 ಚದರ ಅಡಿ. ಎರಡು ಪದರಕ್ಕೆ 7 ಲೀಟರ್, ಒಳಗೂ ಅಷ್ಟೇ. ಥಿನ್ನರ್ ಸುರಿದು ಐದು ಲೀಟರಿನಲ್ಲಿ ಮುಗಿಸಿದವರ ಲೆಕ್ಕ ಬಣ್ಣದ ದಪ್ಪದಲ್ಲಿ ಕಳೆದಿರುತ್ತದೆ.

ಎರಡು ಡಬ್ಬಿಯ ಅಳತೆ ಬರೆದಂತೆಯೇ ಇರಬೇಕು. ಒಂದಕ್ಕೊಂದು ಅಂದಾಜು ಸುರಿದರೆ ಅದು ಗಟ್ಟಿಯಾಗುವುದೇ ಇಲ್ಲ. ಬೆರೆಸಿದ ಮೇಲೆ ಗಡಿಯಾರ ಶುರು. ಸೆಕೆ ಹತ್ತು ಡಿಗ್ರಿ ಏರಿದರೆ ಬಳಸುವ ಸಮಯ ಸುಮಾರು ಅರ್ಧಕ್ಕಿಳಿಯುತ್ತದೆ. ಬಿಜಾಪುರದ ಬಿಸಿಲಲ್ಲಿ ಒಂದು ಲೀಟರಿಗಿಂತ ಹೆಚ್ಚು ಬೆರೆಸಬೇಡಿ. ಹಿನ್ನೀರು ಇಳಿಯುವ ಬೇಸಿಗೆಯೇ ನಮಗೆ ಸಮಯ, ಅದಕ್ಕೆ ಬೇವಿನ ನೆರಳಲ್ಲಿ ಮುಂಜಾನೆ ಹಚ್ಚಿದೆವು. ಇಬ್ಬನಿ ಬಿದ್ದಿದ್ದರೆ ಒಣಗುವ ತನಕ ಕಾಯಬೇಕು. ಎರಡನೆಯ ಪದರ ಮರುದಿನ. ಡಬ್ಬಿಯ ಮೇಲೆ ಬರೆದ ಅವಧಿ ಮೀರಿದರೆ ಮರಳು ಕಾಗದದಿಂದ ಉಜ್ಜದೆ ಹಚ್ಚಬಾರದು. ಕೊನೆಯ ಪದರದ ನಂತರ ಏಳು ದಿನ ನೀರಿಗೆ ಇಳಿಸಲಿಲ್ಲ. ಕೈಗವಸು, ಮೂಗಿಗೆ ಬಟ್ಟೆ ಬಿಡಬೇಡಿ. ಎಪಾಕ್ಸಿ ತಾಗಿ ಒಮ್ಮೆ ತುರಿಕೆ ಶುರುವಾದವನಿಗೆ ಆಮೇಲೆ ವಾಸನೆ ಬಂದರೂ ಮೈ ಏಳುತ್ತದೆ.

ಹಳೆಯ ದೋಣಿ ಕೊಂಡವರಿಗೆ ಒಂದು ಎಚ್ಚರಿಕೆ. ಕೆಳಗೆ ಕಿತ್ತಳೆಗೆಂಪು ಪ್ರೈಮರ್ ಕಂಡರೆ ಅದು ಸೀಸದ ಸಿಂಧೂರ ಇರಬಹುದು. 2017ರ ನವೆಂಬರಿನಿಂದ ಮನೆ ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ಇದೆ, ಆದರೆ ಆ ಕಾಯಿದೆ ಮನೆ ಮತ್ತು ಅಲಂಕಾರದ ಬಣ್ಣಗಳಿಗೆ. ಒಣ ಉಜ್ಜಬೇಡಿ, ತೊಯಿಸಿ ಕೆರೆಯಿರಿ, ಪುಡಿಯನ್ನು ಹಾಳೆಯಲ್ಲಿ ಹಿಡಿದು ದೂರ ಹೂಳಿರಿ. ದನಗಳು ಸೀಸದ ಬಣ್ಣ ನೆಕ್ಕಿ ಸಾಯುವುದುಂಟು. ಕಣಕಿ ಬಣವೆ ಪಕ್ಕದಲ್ಲಂತೂ ಈ ಕೆಲಸ ಬೇಡ.

ದೋಣಿ ಇಲ್ಲದವರ ಮನೆಯಲ್ಲೂ ಇಂಥದ್ದೊಂದು ಇರಬಹುದು. ತೇಲುವ ಡ್ರಮ್ಮಿನ ಗೋಬರ್ ಗ್ಯಾಸ್ ನೋಡಿ. ಅದರ ಡ್ರಮ್ ತೂತಾಗುವುದು ರಾಡಿ ತಾಗುವ ಗೆರೆಯಲ್ಲೇ. ಅಲ್ಲಿಯೂ ಇದೇ ಕೆರೆತ, ಇದೇ ಬಣ್ಣ ನಡೆಯುತ್ತದೆ. ಗ್ಯಾಸ್ ಪೂರ್ತಿ ಬಿಟ್ಟು, ಡ್ರಮ್ ಹೊರಗೆ ತೆಗೆದ ಮೇಲೆ ಮಾತ್ರ ಗ್ರೈಂಡರ್ ಹಚ್ಚಿ.

ವರ್ಷಕ್ಕೊಮ್ಮೆ ದೋಣಿ ಬೋರಲು ಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟುತ್ತೇವೆ. ಗಟ್ಟಿ ತಗಡು ಗಂಟೆಯಂತೆ ನುಡಿಯುತ್ತದೆ, ತಿಂದ ತಗಡು ಮಂದ. ಕಲ್ಲಿಗೆ ಉಜ್ಜಿ ಬಣ್ಣ ಹೋದ ಕಡೆ ಸುತ್ತ ಎರಡು ಬೆರಳು ಅಗಲ ಕೆರೆದು ಅದೇ ಎಪಾಕ್ಸಿ ಹಚ್ಚುತ್ತೇವೆ. ಅದಕ್ಕೆಂದೇ ಎರಡೂ ಡಬ್ಬಿಯಲ್ಲಿ ಅರ್ಧ ಲೀಟರಿನಷ್ಟು ಬೆರೆಸದೆ ಮುಚ್ಚಳ ಬಿಗಿದು ನೆರಳಲ್ಲಿ ಇಟ್ಟಿದ್ದೇವೆ.