ಗೆಳೆಯನೊಡನೆ ಲಂಡನ್ನಿನಲ್ಲಿ

ಹೊರನಾಡಿನಲ್ಲಿ ಓದುವ ವಿದ್ಯಾರ್ಥಿಗೆ ತನ್ನೂರಿನ ಗೆಳೆಯನು ಬರುತ್ತಾನೆಂಬ ಸುದ್ದಿಗಿಂತ ಸಿಹಿಯಾದ ಸುದ್ದಿ ಮತ್ತೊಂದಿಲ್ಲ. ನಾನು ಲಂಡನ್ ನಗರದಲ್ಲಿ ಎರಡು ವರ್ಷಗಳ ವ್ಯಾಸಂಗಕ್ಕೆಂದು ಇದ್ದಾಗ, 2023ರ ಜೂನ್ ತಿಂಗಳಲ್ಲಿ, ಅಂತಹ ಸುದ್ದಿಯೊಂದು ಬಂದಿತು. ನನ್ನ ಬಾಲ್ಯದ ಗೆಳೆಯನ ಅಕ್ಕ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ದಾದಿಯಾಗಿದ್ದಳು. ಅವಳ ಬಾಣಂತನಕ್ಕೆಂದು ಹೊರಟ ತಾಯಿಯನ್ನು ಕರೆತಂದ ಗೆಳೆಯನು, ಊರಿಗೆ ಹಿಂದಿರುಗುವ ಮೊದಲು ಮೂರು ದಿನ ನನ್ನೊಡನೆ ಇರುವುದಾಗಿ ತಿಳಿಸಿದನು.

ನಾವಿಬ್ಬರೂ ತಿಪಟೂರಿನ ಸಮೀಪದ ಒಂದೇ ಹಳ್ಳಿಯವರು. ಹತ್ತನೆಯ ತರಗತಿಯವರೆಗೆ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು. ಅನಂತರ ನಾನು ಪಟ್ಟಣ ಸೇರಿದೆನು. ಅವನು ತೆಂಗಿನ ತೋಟದಲ್ಲಿ ತಂದೆಗೆ ಹೆಗಲು ಕೊಟ್ಟನು. ನಾನು ಅವನಿಗಾಗಿ ನೋಡಬೇಕಾದ ಸ್ಥಳಗಳ ಉದ್ದನೆಯ ಪಟ್ಟಿಯನ್ನೇ ಸಿದ್ಧಪಡಿಸಿದೆನು. ಇಷ್ಟು ದೊಡ್ಡ ನಗರ ನನಗೆ ಪರಿಚಿತವೆಂಬ ಒಂದು ಹಮ್ಮು ಆ ಪಟ್ಟಿಯಲ್ಲಿ ಅಡಗಿದ್ದಿತು.

ರೈಲಿನಿಂದ ಇಳಿದವನೇ ಗೆಳೆಯನು, “ನಿನಗೆಂದು ಉಂಡೆ ಕೊಬ್ಬರಿ ಕಟ್ಟಿಕೊಂಡು ಹೊರಟಿದ್ದೆ ಕಣಯ್ಯಾ. ವಿಮಾನ ನಿಲ್ದಾಣದಲ್ಲಿ ಚೀಲದಿಂದ ತೆಗೆಸಿಬಿಟ್ಟರು” ಎಂದು ಪೇಚಾಡಿದನು. ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚು. ಒತ್ತಿ ತುಂಬಿಟ್ಟಾಗ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವ ಅಪಾಯವುಂಟು. ಆದ್ದರಿಂದ ವಿಮಾನ ಪ್ರಯಾಣಿಕರು ಅದನ್ನು ಸಾಮಾನಿನ ಪೆಟ್ಟಿಗೆಯಲ್ಲಿ ಒಯ್ಯಬಾರದೆಂಬ ನಿಯಮ ನಮ್ಮ ದೇಶದಲ್ಲಿ 2022ರಲ್ಲಿ ಜಾರಿಗೆ ಬಂದಿತು. ತೋಟದ ನಡುವೆ ಹುಟ್ಟಿ ಬೆಳೆದ ನಮ್ಮಿಬ್ಬರಿಗೂ ಈ ವಿಷಯ ತಿಳಿದಿರಲಿಲ್ಲ!

ಅಂದು ರಾತ್ರಿ ಊಟವಾದ ಮೇಲೆ ಅವನು ಗಂಭೀರನಾಗಿ ಹೇಳಿದನು: “ದೊಡ್ಡಪ್ಪ ಒಂದು ಮಾತು ಕೇಳಿಕೊಂಡು ಬಾ ಎಂದಿದ್ದಾರೆ.” ನನ್ನ ತಂದೆಯನ್ನು ಅವನು ಮೊದಲಿನಿಂದಲೂ ದೊಡ್ಡಪ್ಪನೆಂದೇ ಕರೆಯುತ್ತಿದ್ದನು. 2016-17ರ ಬರದಲ್ಲಿ ನಮ್ಮ ಕೊಳವೆಬಾವಿ ಬತ್ತಿ, ತೋಟದ ಮೇಲ್ಭಾಗದ ನಲವತ್ತು ಮರಗಳು ಸುಳಿ ಒಣಗಿ ಸತ್ತಿದ್ದವು. ಆ ಜಾಗ ಅಂದಿನಿಂದ ಬಯಲಾಗಿಯೇ ಉಳಿದಿತ್ತು. “ಈ ಮುಂಗಾರಿನಲ್ಲಿ ಅಲ್ಲಿ ಸಸಿ ನೆಡಲೋ, ಬೇಡವೋ ಎಂದು ಕೇಳಿದ್ದಾರೆ. ಫೋನಿನಲ್ಲಿ ಕೇಳಿದರೆ ನೀನು ಅವಸರದಲ್ಲಿ ಏನಾದರೂ ಹೇಳಿಬಿಡುತ್ತೀಯಂತೆ” ಎಂದನು.

ಪ್ರಶ್ನೆ ಚಿಕ್ಕದು, ಅದರ ಭಾರ ಚಿಕ್ಕದಲ್ಲ. ನಮ್ಮ ಸೀಮೆಯ ಎತ್ತರದ ತಳಿಯ ತೆಂಗು ಫಲ ಕೊಡಲು ಆರೇಳು ವರ್ಷ ಬೇಕು. ಅನಂತರ ಅರವತ್ತು ವರ್ಷಗಳಿಗೂ ಮೇಲ್ಪಟ್ಟು ಅದು ಬಾಳುತ್ತದೆ. ವಯಸ್ಸಾದ ತಂದೆ ನೆಟ್ಟ ಸಸಿಗೆ ಮುಂದೆ ನೀರೆರೆಯುವವರು ಯಾರು? ಅವರು ನನ್ನನ್ನು ಕೇಳಿದ್ದು ಅದನ್ನೇ. ಕೊಬ್ಬರಿಯ ಧಾರಣೆಯೂ ಆಗ ಕುಸಿದಿತ್ತು. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿಗಳಿದ್ದರೆ, ತಿಪಟೂರಿನ ಮಾರುಕಟ್ಟೆಯಲ್ಲಿ ಎಂಟು ಸಾವಿರದ ಆಸುಪಾಸು ಸಿಗುತ್ತಿತ್ತು. ನಾನು, “ನಾಳೆ ನೋಡೋಣ” ಎಂದು ಮಾತು ಮರೆಸಿದೆನು.

ಮರುದಿನ ಬೆಳಿಗ್ಗೆ ನೆಲದಡಿಯ ರೈಲಿನಲ್ಲಿ ವೆಸ್ಟ್‌ಮಿನ್‌ಸ್ಟರಿಗೆ ಹೋದೆವು. ಪ್ರಪಂಚದಲ್ಲಿಯೇ ಮೊಟ್ಟಮೊದಲು, 1863ರಲ್ಲಿ, ನೆಲದಡಿಯ ರೈಲು ಓಡಿದ್ದು ಈ ನಗರದಲ್ಲಿ. ವೆಸ್ಟ್‌ಮಿನ್‌ಸ್ಟರ್ ಅಬೆ ಎಂಬ ಮಹಾ ದೇವಾಲಯದ ಪ್ರವೇಶ ಶುಲ್ಕವನ್ನು ಗೆಳೆಯನು ಮೊದಲು ರೂಪಾಯಿಗೂ, ರೂಪಾಯಿಯನ್ನು ಕೊಬ್ಬರಿಗೂ ಪರಿವರ್ತಿಸಿ, “ಒಬ್ಬೊಬ್ಬನಿಗೆ ಮೂವತ್ತು ಕಿಲೋ ಕೊಬ್ಬರಿಗೂ ಮೇಲೆ!” ಎಂದು ಉದ್ಗರಿಸಿದನು. ಆದರೂ ಒಳಗೆ ಹೋದೆವು. ಇಂಗ್ಲೆಂಡಿನ ದೊರೆಗಳ ಪಟ್ಟಾಭಿಷೇಕ ನಡೆಯುವ ಸ್ಥಳವದು. ಈಗಿರುವ ಕಟ್ಟಡವನ್ನು ಮೂರನೆಯ ಹೆನ್ರಿ ದೊರೆ 1245ರಲ್ಲಿ ಕಟ್ಟಿಸಲು ತೊಡಗಿದನೆಂದು ನಾನು ಹೆಮ್ಮೆಯಿಂದ ವಿವರಿಸಿದೆನು.

ಗೆಳೆಯನು ಕಮಾನುಗಳನ್ನು ಬಹಳ ಹೊತ್ತು ದಿಟ್ಟಿಸಿ, “ಹಾಗಾದರೆ ಇಲ್ಲಿ ಕಲ್ಲು ಕಡೆಯುತ್ತಿದ್ದಾಗ ನಮ್ಮ ತುರುವೇಕೆರೆಯಲ್ಲಿಯೂ ಹೊಯ್ಸಳರ ಕಾಲದ ಶಿಲ್ಪಿಗಳು ಕಲ್ಲು ಕಡೆಯುತ್ತಿದ್ದರು. ಅಲ್ಲಿನ ಚೆನ್ನಕೇಶವ ದೇವಾಲಯವೂ ಅದೇ 13ನೆಯ ಶತಮಾನದ್ದು. ಅರಳಗುಪ್ಪೆಯ ಕಲ್ಲೇಶ್ವರ ಇದಕ್ಕಿಂತಲೂ ಮುನ್ನೂರು ವರ್ಷ ಹಳೆಯದು. ಅದರ ಮೇಲ್ಛಾವಣಿಯಲ್ಲಿ ನೃತ್ಯದ ಶಿವನೂ, ಸುತ್ತಲೂ ಅಷ್ಟದಿಕ್ಪಾಲಕರೂ ಇದ್ದಾರಲ್ಲ, ಆ ಕೆತ್ತನೆ ಎಷ್ಟು ಚೆಂದ! ನೀನೂ ನೋಡಿರಬೇಕು” ಎಂದನು.

ನಾನು ನೋಡಿರಲಿಲ್ಲ. ಅರಳಗುಪ್ಪೆ ನಮ್ಮ ತಾಲ್ಲೂಕಿನಲ್ಲಿಯೇ ಇದೆ. ಅದರ ಹೆಸರಿನ ಫಲಕವನ್ನು ಎಷ್ಟು ಬಾರಿ ಹಾದುಹೋಗಿದ್ದೆನೋ ಲೆಕ್ಕವಿಲ್ಲ. ಸಾವಿರಾರು ಮೈಲಿ ದೂರದ ದೇವಾಲಯದ ಇಸವಿಗಳನ್ನು ಬಾಯಿಪಾಠ ಮಾಡಿದ್ದ ನಾನು, ಮನೆಯ ಬಳಿಯ ದೇವಾಲಯದ ಹೊಸ್ತಿಲನ್ನೂ ತುಳಿದಿರಲಿಲ್ಲ. ನನ್ನ ಹಮ್ಮಿನ ಗಂಟು ಅಲ್ಲಿಯೇ ಸಡಿಲವಾಯಿತು.

ಹೊರಬಂದು ಥೇಮ್ಸ್ ನದಿಯ ಸೇತುವೆಯನ್ನು ದಾಟಿದೆವು. ಆಚೆಯ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಪಾರ್ಲಿಮೆಂಟ್ ಭವನ ಕಾಣುವಂತೆ, ಬಸವಣ್ಣನವರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಭಾರತದ ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಅನಾವರಣಗೊಳಿಸಿದರು. ಗೆಳೆಯನು ಪಾದರಕ್ಷೆಗಳನ್ನು ಕಳಚಿಟ್ಟು ಕೈಮುಗಿದು ನಿಂತನು. ಆ ದಾರಿಯಲ್ಲಿ ಓಡುತ್ತಿದ್ದ ಒಬ್ಬರು ಆಂಗ್ಲ ವೃದ್ಧರು ಅದನ್ನು ಕಂಡು ನಿಂತು, “ಇವರು ಯಾರು?” ಎಂದು ಕೇಳಿದರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅನುಭವ ಮಂಟಪದಲ್ಲಿ ಅಂಬಿಗರೂ, ಮಡಿವಾಳರೂ, ಮಹಿಳೆಯರೂ ಸರಿಸಮನಾಗಿ ಕುಳಿತು ವಿಚಾರ ಮಾಡಿದ ಕಥೆಯನ್ನು ಗೆಳೆಯನು ಕನ್ನಡದಲ್ಲಿ ಹೇಳಿದನು. ನಾನು ಇಂಗ್ಲಿಷಿನಲ್ಲಿ ತಿಳಿಸಿದೆನು. ಊರು ತೋರಿಸಬೇಕೆಂದು ಬಂದವನು ದುಭಾಷಿಯಾದೆನು!

ಎರಡನೆಯ ದಿನ ದೋಣಿಯಲ್ಲಿ ಗ್ರೀನಿಚ್‌ಗೆ ಹೊರಟೆವು. ನಮ್ಮ ಸೀಮೆಯಲ್ಲಿ ಹೊಳೆಯ ನೀರೆಂದರೆ ನಾಲೆಯಲ್ಲಿ ಬರುವ ಹೇಮಾವತಿ. ಆದ್ದರಿಂದಲೋ ಏನೋ, ಗೆಳೆಯನ ಕಣ್ಣು ನೀರಿನ ಮೇಲೆಯೇ ಇತ್ತು. “ಇದೇನಯ್ಯಾ, ಬೆಳಿಗ್ಗೆ ಕೆಸರು ಕಾಣುತ್ತಿದ್ದ ದಡ ಈಗ ಮುಳುಗಿದೆ! ನೀರು ಮೇಲ್ಮುಖವಾಗಿ ಹರಿಯುತ್ತಿದೆಯಲ್ಲ!” ಎಂದು ಬೆರಗಾದನು. ಕಡಲಿನ ಉಬ್ಬರವಿಳಿತ ಥೇಮ್ಸ್ ನದಿಯೊಳಗೆ ಬಹುದೂರ ನುಗ್ಗುತ್ತದೆ. ಲಂಡನ್ ಸೇತುವೆಯ ಬಳಿ ನೀರಿನ ಮಟ್ಟ ದಿನಕ್ಕೆರಡು ಬಾರಿ ಏರಿ ಇಳಿಯುತ್ತದೆ; ಆ ಏರಿಳಿತ ಕೆಲವೊಮ್ಮೆ ಏಳು ಮೀಟರಿನಷ್ಟಾಗುತ್ತದೆ. ದೊಡ್ಡ ಹಡಗುಗಳು ಒಳನಾಡಿನ ಈ ನಗರದವರೆಗೂ ಬಂದದ್ದಕ್ಕೆ, ಇದು ಲೋಕದ ಮಹಾ ಬಂದರಾದುದಕ್ಕೆ, ಆ ಉಬ್ಬರವೂ ಒಂದು ಕಾರಣ. ಒಂಬತ್ತು ತಿಂಗಳು ಆ ನದಿಯನ್ನು ದಾಟಿದ್ದರೂ ಅದರ ನೀರು ಹಿಮ್ಮೆಟ್ಟುವುದನ್ನು ನಾನು ಗಮನಿಸಿರಲಿಲ್ಲ.

ಗ್ರೀನಿಚ್ ಗುಡ್ಡದ ಮೇಲಿನ ಹಳೆಯ ವೀಕ್ಷಣಾಲಯದ ಅಂಗಳದಲ್ಲಿ ಒಂದು ಲೋಹದ ಗೆರೆಯುಂಟು. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ರಾಷ್ಟ್ರಗಳ ಸಮ್ಮೇಳನವು ಲೋಕದ ರೇಖಾಂಶಗಳನ್ನು ಗ್ರೀನಿಚ್‌ನಿಂದ ಎಣಿಸಬೇಕೆಂದು ತೀರ್ಮಾನಿಸಿತು. ಗೆರೆಯ ಇಕ್ಕೆಲಗಳಲ್ಲಿ ಒಂದೊಂದು ಕಾಲಿಟ್ಟು ನಿಂತ ಗೆಳೆಯನು, “ಇಲ್ಲಿಂದ ನಮ್ಮೂರಿಗೆ ಎಷ್ಟು?” ಎಂದನು. ಈ ಬಾರಿ ನನ್ನ ಓದು ನೆರವಿಗೆ ಬಂದಿತು. ತಿಪಟೂರು ಸುಮಾರು 76½ ಡಿಗ್ರಿ ಪೂರ್ವದಲ್ಲಿದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಆದ್ದರಿಂದ ನಮ್ಮೂರಿನ ಸೂರ್ಯನ ಕಾಲ ಗ್ರೀನಿಚ್ಚಿಗಿಂತ 306 ನಿಮಿಷ, ಎಂದರೆ 5 ಗಂಟೆ 6 ನಿಮಿಷ ಮುಂದು. ಭಾರತದ ಗಡಿಯಾರವಾದರೋ 82½ ಡಿಗ್ರಿಯ ರೇಖೆಗೆ ಹೊಂದಿಕೊಂಡು ಐದೂವರೆ ಗಂಟೆ ಮುಂದಿದೆ. ಹೀಗಾಗಿ ತಿಪಟೂರಿನಲ್ಲಿ ಸೂರ್ಯನು ನಡುನೆತ್ತಿಗೆ ಬರುವುದು ಗಡಿಯಾರ ಹನ್ನೆರಡು ಹೊಡೆದು ಸುಮಾರು ಇಪ್ಪತ್ತನಾಲ್ಕು ನಿಮಿಷಗಳಾದ ಮೇಲೆ.

“ಹಾಗೋ ವಿಷಯ! ತೋಟದಲ್ಲಿ ಮರದ ನೆರಳು ನೋಡಿ ದೊಡ್ಡಪ್ಪ ಹೇಳುವ ಮಧ್ಯಾಹ್ನ ನನ್ನ ಗಡಿಯಾರದೊಡನೆ ಒಂದು ದಿನವೂ ಕೂಡುತ್ತಿರಲಿಲ್ಲ. ತಪ್ಪು ಅವರದೆಂದೇ ನಗುತ್ತಿದ್ದೆ” ಎಂದು ಗೆಳೆಯನು ನಕ್ಕನು. ನಾನೂ ನಕ್ಕೆನು. ಆದರೆ ಬಯಲಾದ ತೋಟದಲ್ಲಿ ನೆರಳು ನೋಡುತ್ತ ನಿಂತ ತಂದೆಯ ಚಿತ್ರ ಮನಸ್ಸಿನಿಂದ ಮಾಸಲಿಲ್ಲ.

ಮೂರನೆಯ ದಿನ ಕ್ಯೂ ಸಸ್ಯೋದ್ಯಾನ. ಅಲ್ಲಿನ ತಾಳೆಗಳ ಗಾಜಿನ ಮನೆಯನ್ನು ಕಬ್ಬಿಣ ಮತ್ತು ಗಾಜಿನಿಂದ 1844ರಿಂದ 1848ರವರೆಗೆ ಕಟ್ಟಲಾಯಿತು. ಉಷ್ಣವಲಯದ ಗಿಡಮರಗಳಿಗೆಂದು ಒಳಗೆ ಸದಾ ಬಿಸಿಯನ್ನೂ, ತೇವವನ್ನೂ ಕಾಯ್ದುಕೊಳ್ಳುತ್ತಾರೆ. ಬಾಗಿಲು ದಾಟಿದೊಡನೆ ನನ್ನ ಕನ್ನಡಕ ಮಂಜಾಯಿತು. ಅದನ್ನು ಒರೆಸಿಕೊಂಡು ನೋಡಿದರೆ, ಎದುರಿಗೆ ನಮ್ಮ ತೆಂಗು! ಕಾಂಡದ ಬಳಿ ‘ಕೋಕಸ್ ನ್ಯೂಸಿಫೆರ’ ಎಂಬ ಫಲಕ. ಗೆಳೆಯನು ಗರಿಯ ತುದಿಯನ್ನು ಮೆಲ್ಲನೆ ಮುಟ್ಟಿದನು, ಸುಳಿಯನ್ನು ನೋಡಿದನು. “ಆರೋಗ್ಯವಾಗಿದೆ. ಪಾಪ, ಗಾಳಿಯೊಂದು ಇಲ್ಲ” ಎಂದನು.

ಶಾಲೆಯ ಮಕ್ಕಳ ಗುಂಪೊಂದು ಅಲ್ಲಿಗೆ ಬಂದಿತು. ಇವನು ತೆಂಗು ಬೆಳೆಯುವವನೆಂದು ತಿಳಿದಾಗ ಅವರ ಉಪಾಧ್ಯಾಯಿನಿ ನಾಲ್ಕು ಮಾತು ಹೇಳಬೇಕೆಂದು ಕೋರಿದರು. ಗೆಳೆಯನು ಕಾಗದದ ಮೇಲೆ ಕಾಯಿಯ ಚಿತ್ರ ಬರೆದು, ಅದರ ಮೂರು ಕಣ್ಣುಗಳಲ್ಲಿ ಒಂದು ಮಾತ್ರ ಮೃದುವೆಂದೂ, ಮೊಳಕೆ ಹೊರಬರುವುದು ಅದರಿಂದಲೇ ಎಂದೂ ತೋರಿಸಿದನು. ಹೊಂಬಾಳೆ ಒಡೆದು ಕಾಯಿ ಬಲಿಯಲು ಸುಮಾರು ಒಂದು ವರ್ಷ. ಅದನ್ನು ಸುಲಿಯದೆ ಅಟ್ಟದ ಮೇಲೆ ಹರಡಿದರೆ, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಇನ್ನೊಂದು ವರ್ಷ. ಕಾಯಿಯನ್ನು ಅಲುಗಿಸಿದಾಗ ಕೊಬ್ಬರಿ ಗಡಗಡನೆ ಸದ್ದು ಮಾಡಿದರೆ ಅದು ಹದವಾದಂತೆ. ಒಬ್ಬ ಬಾಲಕಿ, “ಅಷ್ಟು ದಿನ ಕಾಯಲು ನಿಮಗೆ ಬೇಸರವಾಗುವುದಿಲ್ಲವೆ?” ಎಂದು ಕೇಳಿದಳು. ಗೆಳೆಯನು, “ಮರ ನೆಟ್ಟವರು ನಮ್ಮ ತಾತ. ಅವರು ಕಾದದ್ದಕ್ಕಿಂತ ನಾವು ಕಾಯುವುದು ಕಡಿಮೆ” ಎಂದನು.

ಆ ಮಾತನ್ನು ಇಂಗ್ಲಿಷಿಗೆ ತಿರುಗಿಸುವಾಗ ನನ್ನ ಗಂಟಲು ಕಟ್ಟಿತು. ಮಕ್ಕಳು ಹೋದ ಮೇಲೆ, “ಅಪ್ಪನಿಗೆ ಹೇಳು, ಸಸಿ ನೆಡಲಿ” ಎಂದೆನು.

“ನೋಡಿಕೊಳ್ಳುವವರು ಯಾರು ಎಂದರೆ?”

“ಓದು ಮುಗಿದೊಡನೆ ನಾನು ಬರುತ್ತೇನೆ. ಅಲ್ಲಿಯವರೆಗೆ ನೀರು ಹಾಯಿಸಲು ನೀನಿದ್ದೀಯೆ.”

“ನನ್ನ ಕೂಲಿ ಬೇರೆ ಲೆಕ್ಕ” ಎಂದು ಗೆಳೆಯನು ನಗುತ್ತ ನನ್ನ ಹೆಗಲ ಮೇಲೆ ಕೈಯಿಟ್ಟನು.

ಅದೇ ಮುಂಗಾರಿನಲ್ಲಿ ತಂದೆ ನಲವತ್ತು ಸಸಿಗಳನ್ನು ನೆಟ್ಟರು. 2024ರಲ್ಲಿ ನಾನು ವ್ಯಾಸಂಗ ಮುಗಿಸಿ ಊರಿಗೆ ಬಂದಾಗ ಅವು ಹೊಸ ಗರಿ ಬಿಟ್ಟಿದ್ದವು. ಮರುದಿನವೇ ಗೆಳೆಯನ ಬೈಕಿನಲ್ಲಿ ಅರಳಗುಪ್ಪೆಗೆ ಹೋದೆವು. ಕಲ್ಲೇಶ್ವರನ ಗುಡಿಯಲ್ಲಿ ತಲೆಯೆತ್ತಿ ನಿಂತ ನನಗೆ ಅವನು ನೃತ್ಯದ ಶಿವನನ್ನೂ, ದಿಕ್ಪಾಲಕರನ್ನೂ ಒಂದೊಂದಾಗಿ ತೋರಿಸಿದನು. ಲಂಡನ್ನಿನಲ್ಲಿ ನಾನು ಅವನಿಗೆ ಊರು ತೋರಿಸಿದೆನೆಂದು ಜನ ಹೇಳುತ್ತಾರೆ. ಎರಡು ಊರುಗಳನ್ನೂ ನನಗೆ ತೋರಿಸಿದವನು ಅವನು.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಗೆಳೆಯನು ತಂದ ಉಂಡೆ ಕೊಬ್ಬರಿ ಲೇಖಕನಿಗೆ ಏಕೆ ತಲಪಲಿಲ್ಲ?
2. ಬಸವಣ್ಣನವರ ಪ್ರತಿಮೆ ಲಂಡನ್ನಿನಲ್ಲಿ ಎಲ್ಲಿದೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. “ನನ್ನ ಹಮ್ಮಿನ ಗಂಟು ಅಲ್ಲಿಯೇ ಸಡಿಲವಾಯಿತು.” ಈ ಮಾತಿನ ಸಂದರ್ಭವನ್ನು ವಿವರಿಸಿರಿ.
2. ತಂದೆಯ ಪ್ರಶ್ನೆಗೆ ಲೇಖಕನು ಮೊದಲ ದಿನವೇ ಏಕೆ ಉತ್ತರಿಸಲಿಲ್ಲ?

ಇ) ನಿಮ್ಮ ಊರಿನ ರೇಖಾಂಶವನ್ನು ಭೂಪಟದಲ್ಲಿ ಗುರುತಿಸಿ, ಗ್ರೀನಿಚ್‌ನಿಂದ ಅಲ್ಲಿಗಿರುವ ಸೂರ್ಯನ ಕಾಲದ ವ್ಯತ್ಯಾಸವನ್ನು ಲೆಕ್ಕಹಾಕಿರಿ.

ಈ) ನಿಮ್ಮ ಊರಿಗೆ ಗೆಳೆಯನೊಬ್ಬನು ಬಂದರೆ ಏನೇನು ತೋರಿಸುವಿರಿ? ಒಂದು ಪ್ರಬಂಧ ಬರೆಯಿರಿ.