ಚಿಗಟದ ನೆಲೆ

ಸಾಕಿದ ನಾಯಿ ಹಿಂಗಾಲಿನಿಂದ ಕಿವಿಯ ಬುಡವನ್ನು ಕೆರೆದುಕೊಳ್ಳತೊಡಗಿತೆಂದರೆ ಮನೆಯವರ ಗಮನವೆಲ್ಲ ಅದರ ಮೈಯ ಮೇಲೆ ಬೀಳುವುದು ಸಹಜ. ಒಬ್ಬರು ಬೇವಿನೆಣ್ಣೆಯನ್ನು ಸೂಚಿಸುತ್ತಾರೆ. ಮತ್ತೊಬ್ಬರು ಸೀಮೆಎಣ್ಣೆಯನ್ನೋ ಹೊಗೆಸೊಪ್ಪಿನ ನೀರನ್ನೋ ತಂದು ಬಳಿಯುತ್ತಾರೆ. ನಾಲ್ಕು ದಿನ ಕಳೆಯುವುದರೊಳಗೆ ಕೆರೆತ ಮತ್ತೆ ಮೊದಲಾಗುತ್ತದೆ. ಈ ಉಪಚಾರಗಳು ಸೋಲುವುದೇಕೆಂದು ತಿಳಿಯಬೇಕಾದರೆ, ಚಿಗಟವು ತನ್ನ ಬಾಳನ್ನು ಎಲ್ಲಿ ಕಳೆಯುತ್ತದೆಂಬುದನ್ನು ಮೊದಲು ವಿಚಾರಿಸಬೇಕು.

ನಾಯಿ ಬೆಕ್ಕುಗಳೆರಡರ ಮೇಲೂ ಹೆಚ್ಚಾಗಿ ಕಾಣಸಿಗುವುದು ಬೆಕ್ಕಿನ ಚಿಗಟವೆಂಬ ಒಂದೇ ಜಾತಿ. ಇದಕ್ಕೂ ಉಣ್ಣೆಗೂ ಹತ್ತಿರದ ನಂಟಿಲ್ಲ. ಉಣ್ಣೆಯು ಎಂಟು ಕಾಲುಗಳ, ಜೇಡನ ಬಳಗದ ಜೀವಿ. ಚಿಗಟವು ಆರು ಕಾಲುಗಳ, ರೆಕ್ಕೆಯಿಲ್ಲದ ಕೀಟ. ಪಕ್ಕಗಳಿಂದ ಅದುಮಿದಂತಿರುವ ಇದರ ಚಪ್ಪಟೆ ಮೈ ಕೂದಲುಗಳ ನಡುವೆ ಸಲೀಸಾಗಿ ನುಸುಳುತ್ತದೆ. ಇನ್ನು ಇದರ ನೆಗೆತವೋ, ಭೌತಶಾಸ್ತ್ರಜ್ಞರನ್ನೇ ಬೆರಗುಗೊಳಿಸುವಂತಹುದು. 1967ರಲ್ಲಿ ಬೆನೆಟ್-ಕ್ಲಾರ್ಕ್ ಮತ್ತು ಲೂಸಿ ಎಂಬ ವಿಜ್ಞಾನಿಗಳು ಮೊಲದ ಚಿಗಟವನ್ನು ಪರೀಕ್ಷಿಸಿದರು. ರೆಸಿಲಿನ್ ಎಂಬ ರಬ್ಬರಿನಂತಹ ಪದಾರ್ಥದಲ್ಲಿ ಶಕ್ತಿಯನ್ನು ಕೂಡಿಟ್ಟು, ಬಿಲ್ಲನ್ನು ಬಿಟ್ಟಂತೆ ಒಮ್ಮೆಗೇ ಬಿಡುವುದರಿಂದಲೇ ಅದು ಚಿಮ್ಮುತ್ತದೆಂದು ತೋರಿಸಿದರು. ಆಗಿನ ವೇಗೋತ್ಕರ್ಷವು ಗುರುತ್ವ ವೇಗೋತ್ಕರ್ಷದ ನೂರು ಮಡಿಯನ್ನು ಮೀರುತ್ತದೆ! ನಮಗೆ ಪ್ರಿಯವಾದ ವಿಷಯವಿದು. ಆದರೆ ನಾಯಿಯ ಕಷ್ಟವನ್ನು ಮರೆತು ಇಲ್ಲಿಯೇ ನಿಲ್ಲುವುದು ಸರಿಯಲ್ಲ.

ಹೆಣ್ಣು ಚಿಗಟವು ಮೊದಲ ಸಲ ರಕ್ತ ಕುಡಿದ ಒಂದೆರಡು ದಿನಗಳಲ್ಲಿ ಮೊಟ್ಟೆಯಿಡತೊಡಗುತ್ತದೆ. ದಿನಕ್ಕೆ 40ರವರೆಗೂ ಇಡಬಲ್ಲುದು. ಅರ್ಧ ಮಿಲಿಮೀಟರಿನಷ್ಟಿರುವ ಈ ಮೊಟ್ಟೆಗಳಿಗೆ ಅಂಟಿಲ್ಲ. ನಾಯಿ ಮೈ ಕೊಡವಿದಾಗ, ಮಲಗಿ ಎದ್ದಾಗ, ಅವು ಸಾಸಿವೆಯಂತೆ ಉದುರಿ ಗೋಣಿತಾಟಿನ ಎಳೆಗಳಲ್ಲಿ, ನೆಲದ ಬಿರುಕುಗಳಲ್ಲಿ, ಮಂಚದಡಿಯ ಧೂಳಿನಲ್ಲಿ ಸೇರಿಕೊಳ್ಳುತ್ತವೆ. ಅಲ್ಲಿ ಹೊರಬರುವ ಮರಿಹುಳುವಿಗೆ ಕಾಲಿಲ್ಲ, ಬೆಳಕೆಂದರೆ ಆಗದು. ಅದರ ಮುಖ್ಯ ಆಹಾರವೇನೆಂದರೆ, ತಾಯಿ ತಂದೆಗಳು ಮೇಲಿನಿಂದ ಉದುರಿಸುವ ಹಿಕ್ಕೆ. ಪೂರ್ತಿ ಜೀರ್ಣವಾಗದ ಒಣ ರಕ್ತವೇ ಅದು. ಆದುದರಿಂದ ನಾಯಿಯ ಮೈಮೇಲೆ ನಮಗೆ ಕಾಣುವವು ಚಿಗಟದ ಸಂಸಾರದ ಒಂದು ಅಲ್ಪಾಂಶ ಮಾತ್ರ, ಉಳಿದುದೆಲ್ಲ ನೆಲದಲ್ಲಿದೆ.

ಆ ನೆಲದಲ್ಲಿ ಮರಿಹುಳುವಿನ ಪ್ರಾಣವು ಒಂದೇ ಎಳೆಯ ಮೇಲೆ ನಿಂತಿದೆ. ಅದೇ ಗಾಳಿಯ ತೇವ. ಸಾಪೇಕ್ಷ ಆರ್ದ್ರತೆಯು ಶೇಕಡ 50ಕ್ಕಿಂತ ಕೆಳಗಿಳಿದು ಹಾಗೆಯೇ ಉಳಿದರೆ ಮರಿಹುಳು ಒಣಗಿ ಸಾಯುತ್ತದೆ. ಹಾಗಿದ್ದರೆ ಬಯಲುಸೀಮೆಯ ಬಿರುಬೇಸಗೆಯಲ್ಲಿ ಚಿಗಟವೇ ಇರಬಾರದಲ್ಲವೆ? ಇಲ್ಲೊಂದು ಸೂಕ್ಷ್ಮವಿದೆ. ಒಂದು ಘನ ಮೀಟರು ಗಾಳಿಯಲ್ಲಿ 14 ಗ್ರಾಂ ನೀರಾವಿ ಇದೆಯೆನ್ನೋಣ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಷ್ಟೇ ಗಾಳಿ ಸುಮಾರು 30.4 ಗ್ರಾಂ ಆವಿಯನ್ನು ಹಿಡಿಯಬಲ್ಲುದು. ಆದುದರಿಂದ ಆರ್ದ್ರತೆ ಶೇಕಡ 46. ಆದರೆ ಮಂಚದಡಿಯ ತಣ್ಣನೆಯ ಮೂಲೆಯಲ್ಲಿ ಉಷ್ಣತೆ 25 ಡಿಗ್ರಿ ಇದ್ದರೆ, ಅಲ್ಲಿ ಗಾಳಿ ಹಿಡಿಯಬಲ್ಲುದು 23 ಗ್ರಾಂ ಮಾತ್ರ. ಅದೇ ಆವಿಗೆ ಆರ್ದ್ರತೆ ಶೇಕಡ 61 ಆಗುತ್ತದೆ. ಒಂದು ಹನಿ ನೀರೂ ಹೆಚ್ಚದೆ ಕೊಠಡಿಯ ನಡುವೆ ಮರಣ, ಮೂಲೆಯಲ್ಲಿ ಜೀವನ! ನಾಯಿಯ ಹಾಸಿಗೆಯನ್ನು ಮೂಲೆಯಿಂದ ಎತ್ತಿ ಬಿಸಿಲಿಗೆ ಹರವಬೇಕೆಂದು ಹಿರಿಯರು ಹೇಳುವುದರ ಮರ್ಮವಿದೇ. ಬಿಸಿಲು ನೀರನ್ನು ಹೀರುವುದಷ್ಟೇ ಅಲ್ಲ, ಇದ್ದ ಗಾಳಿಯ ಆರ್ದ್ರತೆಯನ್ನೂ ಇಳಿಸುತ್ತದೆ. ಕರಾವಳಿಯ ಮಳೆಗಾಲದಲ್ಲಿ ಈ ಉಪಾಯ ಸಾಗದು. ಅಲ್ಲಿ ಹಾಸನ್ನು ಕುದಿನೀರಿನಲ್ಲಿ ಒಗೆದು ಇಸ್ತ್ರಿ ಹಾಕಬೇಕು.

ಗೋಣಿಯನ್ನು ಬಿಟ್ಟು, ವಾರಕ್ಕೊಮ್ಮೆ ಒಗೆಯಬಹುದಾದ ನಯವಾದ ಬಟ್ಟೆಯನ್ನು ಹಾಸುವುದು ಒಳ್ಳೆಯದು. ಬಿರುಕುಗಳನ್ನು ದಿನವೂ ಗುಡಿಸಿ, ಕಸವನ್ನು ಮನೆಯಿಂದ ದೂರ ಸುಡಬೇಕು ಇಲ್ಲವೆ ಸಾಬೂನಿನ ನೀರಿಗೆ ಸುರಿಯಬೇಕು. ಇಷ್ಟಾದರೂ ಗೂಡಿನೊಳಗಿನ ಕೋಶಾವಸ್ಥೆ ಉಳಿಯುತ್ತದೆ. ಧೂಳು ಮೆತ್ತಿದ ರೇಷ್ಮೆಗೂಡಿನಲ್ಲಿ ಚಿಗಟವು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬಲ್ಲುದು. ಹೆಜ್ಜೆಯ ಅದುರು, ಮೈಯ ಬಿಸುಪು, ಉಸಿರಿನ ಇಂಗಾಲದ ಡೈ ಆಕ್ಸೈಡು ತಾಗಿದೊಡನೆ ಹೊರಗೆ ಹಾರುತ್ತದೆ. ರಜೆ ಮುಗಿಸಿ ಬೀಗ ತೆಗೆದವರನ್ನು ಚಿಗಟಗಳ ಸೈನ್ಯವೇ ಎದುರುಗೊಳ್ಳುವುದು ಹೀಗೆ.

ಆದುದರಿಂದ ನಾಯಿಯನ್ನು ಹೊರಗಟ್ಟಬಾರದು; ಅದೇ ನಮ್ಮ ಬಲೆ. ಹೊಸದಾಗಿ ಹೊರಬಂದವು ಅದರ ಮೈಯೇರಲಿ. ಮೊಟ್ಟೆಯಿಡುವ ಮುನ್ನ ದಿನಕ್ಕೊಮ್ಮೆ ಒತ್ತುಹಲ್ಲಿನ ಬಾಚಣಿಗೆಯಿಂದ ಬಾಚಿ ತೆಗೆಯೋಣ. ಬಾಚಣಿಗೆಯನ್ನು ಬರಿಯ ನೀರಿನಲ್ಲಿ ಅದ್ದಿದರೆ ಸಾಲದು. ಮೇಲ್ಮೈ ಸೆಳೆತದಿಂದ ಚಿಗಟ ತೇಲಬಹುದು. ಸ್ವಲ್ಪ ಸಾಬೂನು ಬೆರೆತರೆ ಆ ಸೆಳೆತ ಕುಂದಿ, ಮೈ ನೆನೆದು ಮುಳುಗುತ್ತದೆ. ನಾಯಿಗೆ ಸ್ನಾನ ಮಾಡಿಸುವಾಗ ಮೊದಲು ಕತ್ತಿನ ಸುತ್ತ ನೊರೆಯ ಪಟ್ಟಿ ಕಟ್ಟಿದರೆ ಚಿಗಟಗಳು ಮುಖದತ್ತ ಓಡಲಾರವು.

ಬೇವಿನ ಸೊಪ್ಪನ್ನು ಹಾಸಿಗೆಯಡಿ ಇಡುವವರನ್ನು ನಾವು ತಡೆಯೆವು. ಆದರೆ ಅದನ್ನೇ ನಂಬಿ ಕೂರಲಾಗದು. ಗಿಡಮೂಲಿಕೆಯಾದುದೆಲ್ಲ ನಿರಪಾಯವೆಂಬ ಭ್ರಮೆ ಮಾತ್ರ ಕೂಡದು. ಹೊಗೆಸೊಪ್ಪಿನ ನಿಕೋಟಿನ್ ಉಗ್ರವಿಷ. ನಾಯಿಗೆ ತಿನ್ನಿಸೆಂದು ಹೇಳುವ ಬೆಳ್ಳುಳ್ಳಿಯು ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕುವ ಪ್ರಾಣಿ. ಬಳಿದುದೆಲ್ಲ ಹೊಟ್ಟೆ ಸೇರುತ್ತದೆ. ಫಿನಾಯಿಲಿನ ಜಾತಿಯ ವಸ್ತುಗಳನ್ನು ನಿರ್ವಿಷಗೊಳಿಸುವ ಶಕ್ತಿ ಅದರ ಯಕೃತ್ತಿಗೆ ತೀರ ಕಡಿಮೆ. ನಾಯಿಗೆಂದು ಮಾರುವ ಪರ್ಮೆತ್ರಿನ್ ಔಷಧವೂ ಬೆಕ್ಕನ್ನು ಕೊಲ್ಲಬಹುದು. ಚಿಗಟ ಮುತ್ತಿದ ಎಳೆಯ ಮರಿಯ ಒಸಡು ಬಿಳಿಚಿದ್ದರೆ ಅದು ರಕ್ತಹೀನತೆಯ ಗುರುತು. ಆಗ ಬಾಚಣಿಗೆಯನ್ನು ಬದಿಗಿಟ್ಟು ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಕೆರೆತವು ಚಿಗಟದ್ದೇ ಹೌದೋ ಎಂಬ ಸಂದೇಹವಿದ್ದರೆ ಒಂದು ಸುಲಭ ಪರೀಕ್ಷೆಯುಂಟು. ಬಾಚಿದಾಗ ಉದುರಿದ ಕಪ್ಪು ಹರಳುಗಳನ್ನು ಒದ್ದೆಯಾದ ಬಿಳಿಯ ಕಾಗದದ ಮೇಲೆ ಹಾಕಿ ಒಂದೆರಡು ನಿಮಿಷ ಬಿಡಿ. ಬರಿಯ ಮಣ್ಣಾದರೆ ಹಾಗೆಯೇ ಇರುವುದು. ಚಿಗಟದ ಹಿಕ್ಕೆಯಾದರೆ ಸುತ್ತಲೂ ಕೆಂಗಂದು ಬಣ್ಣ ಹರಡುವುದು.