ಮೊದಲು ಮಕ್ಕಳ ಪಟ್ಟಿ, ಆಮೇಲೆ ಸಿಮೆಂಟಿನ ಲೆಕ್ಕ

ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಎಂದರೆ ಹಳ್ಳಿಯ ಕಣ್ಣಿಗೆ ಕಾಣುವುದು ಇಷ್ಟೇ: ಆಗಸ್ಟ್ 15ಕ್ಕೆ ವೇದಿಕೆ ಮೇಲೊಂದು ಕುರ್ಚಿ, ಚೆಕ್ಕಿಗೊಂದು ಸಹಿ, ಮೇಷ್ಟ್ರು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ನೋಡುವ ಅಧಿಕಾರ. ತುಮಕೂರು ಜಿಲ್ಲೆಯ ನಮ್ಮೂರಿನ ಹಿರಿಯ ಪ್ರಾಥಮಿಕ ಶಾಲೆಯ ಸಮಿತಿಯಲ್ಲಿ ನಾನು ಮೊದಲು ಸದಸ್ಯೆಯಾಗಿದ್ದೆ, ಆಮೇಲೆ ಅಧ್ಯಕ್ಷೆಯಾದೆ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಸಂಸಾರ ನಡೆಸುವವಳು ನಾನು. ಈಗ ಅವಧಿ ಮುಗಿದಿದೆ. ಮುಂದೆ ಆ ಕುರ್ಚಿಯಲ್ಲಿ ಕೂರುವವರಿಗೆ ಉಪಯೋಗಕ್ಕೆ ಬರಲಿ ಎಂದು ಕಲಿತದ್ದನ್ನು ಬರೆದಿಡುತ್ತಿದ್ದೇನೆ.

ಈ ಸಮಿತಿ ಸುಮ್ಮನೆ ಹುಟ್ಟಿದ್ದಲ್ಲ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ ಸರ್ಕಾರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದವರಿಗೆ ಅವರ ಪಾಲಿನ ಜಾಗ ಸಿಗಬೇಕು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಶಾಲಾಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಹೇಗೆ ಖರ್ಚಾಯಿತು ಎಂದು ಗಮನಿಸುವುದು ಕಾಯ್ದೆ ಹೇಳುವ ಮುಖ್ಯ ಕೆಲಸಗಳು.

ನಾನು ಬಂದ ಹೊಸತರಲ್ಲಿ ಹಳೆಯ ನಡಾವಳಿ ಪುಸ್ತಕ ತಿರುವಿ ನೋಡಿದೆ. ಪುಟ ಪುಟಕ್ಕೂ ಕಾಂಪೌಂಡು, ಗೇಟು, ಸುಣ್ಣಬಣ್ಣ, ಧ್ವಜಕಟ್ಟೆ, ರಂಗಮಂದಿರ. ಶಾಲೆಗೆ ಬರದೇ ಹೋದ ಒಂದು ಮಗುವಿನ ಮಾತು ಎಲ್ಲೂ ಇಲ್ಲ. ಯಾರದೂ ಕೆಟ್ಟ ಉದ್ದೇಶವಲ್ಲ. ಕಟ್ಟಿದ್ದು ಕಣ್ಣಿಗೆ ಕಾಣುತ್ತದೆ, ಅದರ ಮೇಲೆ ಹೆಸರು ಬರೆಸಬಹುದು. ಮಗು ಯಾಕೆ ಬರುತ್ತಿಲ್ಲ ಎಂದು ಕೇಳಲು ಹೊರಟರೆ ಯಾರದೋ ಮನೆಯ ಬಡತನ, ಕುಡಿತ, ಜಗಳ ಎಲ್ಲ ಹೊರಗೆ ಬರುತ್ತದೆ. ಹಾಗಾಗಿ ಸಮಿತಿಗಳಿಗೆ ಸಿಮೆಂಟೇ ಹಿತ.

ಮಕ್ಕಳ ಮಾತು ಬರಬೇಕಾದರೆ ಅಮ್ಮಂದಿರು ಸಭೆಗೆ ಬರಬೇಕಿತ್ತು. ಚುನಾಯಿತ ಪೋಷಕ ಸದಸ್ಯರು 18 ಜನ, ಅವರಲ್ಲಿ ಅರ್ಧ ಹೆಂಗಸರು. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ಆದರೆ ಸಭೆ ಬೆಳಗ್ಗೆ ಹನ್ನೊಂದಕ್ಕೆ, ಕೂಲಿಗೆ ಹೋಗುವವರು ಗದ್ದೆ ತೋಟಗಳಲ್ಲಿರುವ ಹೊತ್ತಿಗೆ. ಒಂದು ಸಭೆಗೆ ಬಂದರೆ ಒಂದು ದಿನದ ಕೂಲಿ ಹೋಯಿತು. ಪುಸ್ತಕ ಅವರ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿತ್ತು. ನಾವು ಮೊದಲು ಬದಲಾಯಿಸಿದ್ದು ಸಭೆಯ ಹೊತ್ತನ್ನು. ನಮ್ಮ ಕಡೆ ಸಂತೆಯ ದಿನ ಮಧ್ಯಾಹ್ನದ ಮೇಲೆ ಕೂಲಿ ಕೆಲಸ ಇಟ್ಟುಕೊಳ್ಳುವವರು ಕಡಿಮೆ. ಅವತ್ತು ಊಟದ ಹೊತ್ತಿಗೆ ಸಭೆ ಇಟ್ಟೆವು, ಮಕ್ಕಳ ಜೊತೆಯಲ್ಲೇ ಬಿಸಿಯೂಟ. ಕುರ್ಚಿಗಳನ್ನು ತೆಗೆಸಿ ಎಲ್ಲರೂ ಜಮಖಾನದ ಮೇಲೆ ಕೂತೆವು. ಕುರ್ಚಿ ಇದ್ದಾಗ ಬಾಗಿಲ ಬಳಿ ನಿಂತೇ ಇರುತ್ತಿದ್ದ ಕಾಲೋನಿಯ ಸದಸ್ಯೆ ಅವತ್ತು ನಡುವೆ ಕೂತು ಮಾತಾಡಿದರು. ಬಿಸಿಯೂಟ ಹೇಗಿದೆ ಎಂದು ಬೇರೆ ತನಿಖೆಯೂ ಬೇಕಾಗಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಅಲ್ಲೇ ತೀರ್ಮಾನ.

ಎರಡನೆಯ ತೀರ್ಮಾನ: ಸಭೆಯ ಮೊದಲ ವಿಷಯ ಗೈರುಹಾಜರಾದ ಮಕ್ಕಳ ಪಟ್ಟಿ. ಅನುದಾನ, ರಿಪೇರಿ ಎಲ್ಲ ಆಮೇಲೆ. ಪಟ್ಟಿಯನ್ನು ಜೋರಾಗಿ ಓದಕೂಡದು ಎಂದೂ ಬರೆದುಕೊಂಡೆವು. ಹತ್ತು ಜನರ ಮುಂದೆ ಮಗುವಿನ ಹೆಸರು ಓದಿದರೆ ಅಪ್ಪ ಅಮ್ಮ ಮತ್ತೆ ಶಾಲೆಯ ಕಡೆ ತಲೆ ಹಾಕುವುದಿಲ್ಲ. ಆಯಾ ಬೀದಿಯ ಸದಸ್ಯರೇ ಮನೆಗೆ ಹೋಗಿ ವಿಚಾರಿಸಬೇಕು.

ಆರನೇ ತರಗತಿಯ ಒಬ್ಬ ಹುಡುಗಿ ದಸರಾ ರಜೆ ಮುಗಿದ ಮೇಲೆ ವಾರಕ್ಕೆ ಎರಡು ದಿನವೂ ನೆಟ್ಟಗೆ ಬರುತ್ತಿರಲಿಲ್ಲ. ಬಂದ ದಿನ ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ. ಓದಿನಲ್ಲಿ ಆಸಕ್ತಿಯಿಲ್ಲ ಎಂದು ಶಾಲೆಯವರು ಅಂದುಕೊಂಡಿದ್ದರು. ಕಾಲೋನಿಯ ಸದಸ್ಯೆ ಹೇಳಿದ್ದು ಬೇರೆ: “ಅವಳ ಅವ್ವ ರಾತ್ರಿ ಅಡಿಕೆ ಸುಲಿಯಕ್ಕೆ ಹೋಗ್ತಳೆ ಅಕ್ಕ. ಚಿಕ್ಕ ಕೂಸನ್ನ ನೋಡ್ಕಳಕ್ಕೆ ಇವಳೂ ಜೊತೆಗೆ ಹೋಗ್ಬೇಕು. ಬಂದು ಮಲಗೋದು ಎಷ್ಟೊತ್ತಿಗೋ!”

ಅಡಿಕೆ ಸುಗ್ಗಿಯಲ್ಲಿ ಇದು ಒಂದು ಮನೆಯ ಕಥೆಯಲ್ಲ. ಕಿತ್ತ ಕಾಯಿ ಬಾಡುವ ಮುಂಚೆ ಸುಲಿಯಬೇಕು, ಕೂಲಿಯ ಲೆಕ್ಕ ಡಬ್ಬಕ್ಕೆ ಇಷ್ಟು ಎಂದು, ಹಾಗಾಗಿ ರಾತ್ರಿಯೂ ಕೆಲಸ. ‘ಮಗಳನ್ನು ಕರೆದುಕೊಂಡು ಹೋಗಬೇಡ’ ಎಂದು ಆ ತಾಯಿಗೆ ಬುದ್ಧಿ ಹೇಳುವುದು ಸುಲಭ, ಕೂಸನ್ನು ಯಾರ ಹತ್ತಿರ ಬಿಡುತ್ತಾಳೆ? ತೋಟದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಹಿಡಿದವರ ಹತ್ತಿರ ನಾಲ್ಕು ಜನ ಹೋದೆವು. ಶಾಲೆಗೆ ಹೋಗುವ ಮಕ್ಕಳಿರುವ ತಾಯಂದಿರಿಗೆ ಹಗಲಿನ ಸುಲಿತ ಕೊಡಿ ಎಂದು ಕೇಳಿದೆವು. ಒಬ್ಬರು ಒಪ್ಪಿದರು, ಇನ್ನೊಬ್ಬರು “ಮಳೆ ಬಂದ್ರೆ ನನ್ನ ಕಾಯಿ ನೀವು ಕೊಂಡ್ಕತೀರಾ?” ಎಂದರು. ಅವರ ಮಾತಿನಲ್ಲೂ ಅರ್ಥವಿತ್ತು. ಸುಗ್ಗಿ ಮುಗಿಯುವವರೆಗೆ ಸಂಜೆ ಶಾಲೆಯ ಒಂದು ಕೊಠಡಿ ತೆರೆದಿರಲಿ, ಪದವಿ ಓದುತ್ತಿರುವ ಊರಿನ ಹುಡುಗಿಯೊಬ್ಬಳು ಮಕ್ಕಳನ್ನು ಓದಿಸಲಿ, ಇಬ್ಬರು ತಾಯಂದಿರು ಸರದಿಯ ಮೇಲೆ ಜೊತೆಗಿರಲಿ ಎಂದು ತೀರ್ಮಾನವಾಯಿತು. ಕೀಲಿ ಯಾರ ಹತ್ತಿರ, ಮಕ್ಕಳನ್ನು ಮನೆ ಮುಟ್ಟಿಸುವವರು ಯಾರು ಎಂಬುದನ್ನೂ ಬರೆದೆವು. ಆ ಹುಡುಗಿ ಮತ್ತೆ ಬಂದಳು. ಏಳನೇ ತರಗತಿಯ ಒಬ್ಬ ಹುಡುಗ ಮಾತ್ರ ಎಷ್ಟು ಕರೆದರೂ ಬರಲಿಲ್ಲ, ಗಾರೆ ಕೆಲಸಕ್ಕೆ ಹೋದ. ಎಲ್ಲ ಮಕ್ಕಳನ್ನೂ ಉಳಿಸಿಕೊಂಡೆವು ಎಂದು ನಾನು ಹೇಳಲಾರೆ.

ಮೂರನೆಯದು ಸಮವಸ್ತ್ರ. ಇದು ನನ್ನ ಕಸುಬಿನ ವಿಷಯ. ನಮ್ಮ ಮಕ್ಕಳಿಗೆ ಇಲಾಖೆಯಿಂದ ಬರುತ್ತಿದ್ದದ್ದು ಬಟ್ಟೆ, ಹೊಲಿಗೆ ಕೂಲಿ ಮನೆಯವರದು. ಮೂವರು ಮಕ್ಕಳಿರುವ ಮನೆಗೆ ಜೂನ್ ತಿಂಗಳಲ್ಲಿ ಅದು ಸಣ್ಣ ಮೊತ್ತವಲ್ಲ. ಬಿತ್ತನೆಗೂ ಅದೇ ಹೊತ್ತಿಗೆ ದುಡ್ಡು ಬೇಕು. ಬಟ್ಟೆ ಪೆಟ್ಟಿಗೆಯಲ್ಲಿ, ಮಗು ಬಣ್ಣದ ಅಂಗಿಯಲ್ಲಿ. ಎಲ್ಲರ ಹೊಲಿಗೆಯನ್ನೂ ಒಟ್ಟಿಗೆ ಮಾಡಿಸೋಣ ಎಂಬ ಮಾತು ಬಂದಾಗ ನಾನು ಸಭೆಯನ್ನು ಉಪಾಧ್ಯಕ್ಷರಿಗೆ ಬಿಟ್ಟು ಹೊರಗೆ ಹೋದೆ. ಅಧ್ಯಕ್ಷರ ಮನೆಗೆ ಶಾಲೆಯ ಕಾಸು ಹೋಗಕೂಡದು ಎಂದು ನಡಾವಳಿಯಲ್ಲಿ ಬರೆಯಿರಿ ಎಂದು ಹೇಳಿಯೇ ಹೋದೆ. ಹೊಲಿಗೆ ಸ್ತ್ರೀಶಕ್ತಿ ಸಂಘದ ಹೆಂಗಸರಿಗೆ ಹೋಯಿತು, ಕತ್ತರಿಸುವ ಕೆಲಸ ನನ್ನ ದೇಣಿಗೆ.

ಒಟ್ಟಿಗೆ ಕತ್ತರಿಸುವುದರಲ್ಲಿ ಒಂದು ಅನುಕೂಲವಿದೆ. ಏಳನೇ ತರಗತಿಯ ಎತ್ತರದ ಹುಡುಗನಿಗೆ ಬಂದ ಬಟ್ಟೆ ಬಿಗಿಯಾಗುತ್ತದೆ, ಒಂದನೇ ತರಗತಿಯ ಮಗುವಿನ ಪಾಲಿನಲ್ಲಿ ತುಂಡು ಮಿಗುತ್ತದೆ. ಆ ತುಂಡು ಇವನ ಕಾಲರಿಗೆ, ಜೇಬಿಗೆ ಆಗುತ್ತದೆ. ಹುಡುಗಿಯರ ಅಂಗಿಗೆ ಪಕ್ಕದಲ್ಲಿ ಎರಡು ಬೆರಳು ಬಟ್ಟೆ ಒಳಗೆ ಬಿಟ್ಟು ಹೊಲಿದರೆ ಮುಂದಿನ ವರ್ಷ ಬಿಚ್ಚಿ ಸಡಿಲ ಮಾಡಬಹುದು.

ಕೂಲಿಯ ದುಡ್ಡು ಬಂದದ್ದು ಕಮಾನಿನಿಂದ. ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ತಂದೆಯ ಹೆಸರಿನಲ್ಲಿ ಶಾಲೆಗೆ ಕಮಾನು ಕಟ್ಟಿಸುತ್ತೇನೆ ಎಂದು ಬಂದಿದ್ದರು. ನಾವು ಬೇಡ ಎನ್ನಲಿಲ್ಲ. ಗೈರುಹಾಜರಿ ಪಟ್ಟಿ, ಹೊಲಿಸದ ಬಟ್ಟೆಯ ಲೆಕ್ಕ ಎರಡನ್ನೂ ಅವರ ಮುಂದಿಟ್ಟು, ಕಮಾನು ಬರುವ ವರ್ಷಕ್ಕೆ ಇರಲಿ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು. ದಾನಿಗಳ ಫಲಕದಲ್ಲಿ ಅವರ ತಂದೆಯ ಹೆಸರಿದೆ. ದಾನ ಕೊಡುವವರಿಗೆ ಕಟ್ಟಡವೇ ಬೇಕು ಎಂದು ನಾವೇ ತೀರ್ಮಾನಿಸಿಬಿಡುತ್ತೇವೆ. ಕೇಳಿ ನೋಡುವುದು ಲೇಸು.

ಪೋಷಕರಿಂದ ದುಡ್ಡು ಎತ್ತುವುದು ಮಾತ್ರ ಬೇರೆ ಮಾತು. 2022ರ ಅಕ್ಟೋಬರಿನಲ್ಲಿ, ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂಬ ಆದೇಶ ಬಂದಿತ್ತು. ರಾಜ್ಯದೆಲ್ಲೆಡೆ ವಿರೋಧ ಎದ್ದು ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆದರು. ಸ್ವಇಚ್ಛೆ ಎಂದು ಬರೆದಿದ್ದರೂ ಹಳ್ಳಿಯಲ್ಲಿ ಕೊಟ್ಟವರ ಪಟ್ಟಿ ಗೋಡೆಗೆ ಬಿದ್ದ ದಿನವೇ ಕೊಡದವರ ಪಟ್ಟಿಯೂ ಬಿದ್ದಂತೆ. ಆದ್ದರಿಂದ ಪೋಷಕರು ಏನಾದರೂ ಕೊಟ್ಟರೆ ರಸೀದಿ ಕೊಡಬೇಕು, ಹೆಸರು ಓದಬಾರದು ಎಂದು ನಿಯಮ ಮಾಡಿಕೊಂಡೆವು.

ಸರ್ಕಾರದ ಅನುದಾನ ಎಷ್ಟೆಂದು ಬಹಳ ಪೋಷಕರಿಗೆ ಗೊತ್ತೇ ಇಲ್ಲ. ಸಮಗ್ರ ಶಿಕ್ಷಣದಡಿ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ, 101ರಿಂದ 250 ಮಕ್ಕಳಿದ್ದರೆ 50,000. ಅದರಲ್ಲಿ ಶೇ 10ರಷ್ಟು ಸ್ವಚ್ಛತೆಗೆ. ಕರೆಂಟು, ಸೀಮೆಸುಣ್ಣ, ನಲ್ಲಿ ರಿಪೇರಿ ಎಲ್ಲ ಅದರಲ್ಲೇ. ಈ ಲೆಕ್ಕವನ್ನು ನಾವು ನೋಟಿಸ್ ಬೋರ್ಡಿಗೆ ಹಾಕಿದ ಮೇಲೆ ‘ಮೇಷ್ಟ್ರು ತಿಂದರು’ ಎಂಬ ಮಾತು ಊರಿನಲ್ಲಿ ತಾನಾಗಿ ನಿಂತಿತು. ಮೊಟ್ಟೆಯ ವಿಷಯವೂ ಹಾಗೆಯೇ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಮಕ್ಕಳಿಗೆ ಮೊಟ್ಟೆ ಕೊಡುವುದು ವಾರಕ್ಕೆ ಆರು ದಿನಕ್ಕೆ ವಿಸ್ತರಣೆಯಾಯಿತು, ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಅಂಗಡಿಯಲ್ಲಿ ದರ ಏರಿದಾಗ ವ್ಯತ್ಯಾಸ ತುಂಬುತ್ತಿದ್ದವರು ಮುಖ್ಯಶಿಕ್ಷಕರು. ಅದು ನಮಗೆ ತಿಳಿದದ್ದು ಬಿಲ್ಲುಗಳನ್ನು ಕೂತು ನೋಡಿದ ಮೇಲೆ. ಮೇಲುಸ್ತುವಾರಿ ಎಂದರೆ ಮೇಷ್ಟ್ರ ಮೇಲೆ ಪೊಲೀಸಗಿರಿ ಎಂದುಕೊಂಡವರಿಗೆ ಇಂಥದ್ದು ಕಾಣುವುದೇ ಇಲ್ಲ.

ಒಟ್ಟಿನಲ್ಲಿ ನನಗೆ ಖಚಿತವಾದದ್ದು ಇದು: ಸಮಿತಿಯ ತೀರ್ಮಾನಕ್ಕೆ ಬೆಲೆ ಬರುವುದು ಅದರಲ್ಲಿ ಯಾವ ಮಗುವಿಗೆ, ಯಾರು, ಯಾವಾಗ ಎಂಬ ಮೂರೂ ಇದ್ದಾಗ. ‘ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು’ ಎಂಬ ಸಾಲಿನಿಂದ ಯಾವ ಮಗುವೂ ಶಾಲೆಗೆ ಬಂದದ್ದನ್ನು ನಾನು ಕಾಣೆ. ಕಾಂಪೌಂಡಿಗೆ ಗ್ರಾಮ ಪಂಚಾಯಿತಿ ಇದೆ, ಉದ್ಯೋಗ ಖಾತ್ರಿಯಲ್ಲಿ ಎಷ್ಟೋ ಶಾಲೆಗಳಿಗೆ ಆಗಿದೆ. ಬಾರದ ಮಗುವಿನ ಮನೆಯ ಬಾಗಿಲು ತಟ್ಟಲು ಬೇರೆ ಯಾವ ಇಲಾಖೆಯೂ ಬರುವುದಿಲ್ಲ.

ನಿಮ್ಮ ಮಕ್ಕಳು ಸರ್ಕಾರಿ ಶಾಲೆಯಲ್ಲಿದ್ದರೆ ಒಮ್ಮೆ ಹೋಗಿ ನಡಾವಳಿ ಪುಸ್ತಕ ಕೇಳಿ ನೋಡಿ. ಕಳೆದ ಸಭೆಯಲ್ಲಿ ಯಾವ ಮಗುವಿನ ಬಗ್ಗೆ ಮಾತಾಯಿತು ಎಂದು ವಿಚಾರಿಸಿ. ಉತ್ತರ ಬಾರದಿದ್ದರೆ ಸಿಟ್ಟಾಗಬೇಡಿ, ಮುಂದಿನ ಸಲ ಸಮಿತಿಯ ಆಯ್ಕೆಗೆ ಪೋಷಕರ ಸಭೆ ಕರೆದಾಗ ನೀವೇ ಕೈ ಎತ್ತಿ ನಿಲ್ಲಿ.